ಹುತ್ತರಿ ದಿನ ನೀಲಾವತಿ ನಡೆಸಿದ ಸಮ್ಮೇಳನ

ಗದ್ದೆ ನೋಡಿ ಹುತ್ತರಿಯ ದಿನ ಹೇಳುವವರು ಕೊಡಗಿನಲ್ಲಿ ಇಲ್ಲ. ನೀಲಾವತಿ ಹೇಳಿದಳು, ಹೇಳಿ ಕೆಟ್ಟಳು. ಆ ವರ್ಷ ಮಳೆ ಹಿಂದಾಗಿ, ಅಕ್ಟೋಬರ್ ಕಳೆದರೂ ಸಂಪಾಜೆ ಕಡೆಯ ಗದ್ದೆಗಳಲ್ಲಿ ತೆನೆ ಹಸಿರಾಗಿಯೇ ಇತ್ತು. ಹೊಸ ಕದಿರು ಮನೆಗೆ ತರುವ ಹಬ್ಬ ಡಿಸೆಂಬರಿಗೇ ಹೋಗುತ್ತದೆ ಎಂದುಕೊಂಡು ಅವಳು ತನ್ನ ಸಮ್ಮೇಳನವನ್ನು ನವೆಂಬರ್ ಕೊನೆಗೆ ಗೊತ್ತುಮಾಡಿದಳು. ದೇವಸ್ಥಾನದಲ್ಲಿ ಸೇರಿದ ಹಿರಿಯರು ತೆನೆಯ ಬಣ್ಣ ಕೇಳಲಿಲ್ಲ, ರೋಹಿಣಿ ನಕ್ಷತ್ರ ನೋಡಿದರು. ಹುತ್ತರಿ ಬಿದ್ದದ್ದು ಸಮ್ಮೇಳನದ ದಿನವೇ.

ಮಡಿಕೇರಿಯ ಸಭಾಂಗಣದವನು ಫೋನು ಮಾಡಿ ಅಡುಗೆಯವರಿಲ್ಲ, ವಾಚ್‌ಮನ್ ಇಲ್ಲ, ತಾನೂ ಇಲ್ಲ ಎಂದ. ಮರುಗಳಿಗೆಗೆ ಮೈಸೂರಿನಿಂದ, ಸಮ್ಮೇಳನ ಕರೆದ ವಿಜ್ಞಾನಿಗಳ ಸಂಘದ ಕಾರ್ಯದರ್ಶಿ ಡಾಕ್ಟರ್ ನಾಗಾರ್ಜುನರ ಫೋನು.

"ನಾನು ಮೊದಲೇ ಹೇಳಿದ್ದೆ ಮೇಡಂ. ಇಲ್ಲಿಗೆ ತಂದುಬಿಡಿ. ಹಾಲ್ ಇದೆ, ಎಸಿ ಇದೆ, ಊಟ ಇದೆ."

"ಕೇಳುವವರು ಯಾರಿದ್ದಾರೆ?"

"ನಾವೆಲ್ಲ ಇದ್ದೇವಲ್ಲ."

"ಅದೇ ಹೇಳಿದ್ದು," ಎಂದಳು ನೀಲಾವತಿ. "ನಾಳೆ ಸಂಜೆಯೊಳಗೆ ಜಾಗ ತಿಳಿಸುತ್ತೇನೆ. ಆಗದಿದ್ದರೆ ನಿಮ್ಮ ಎಸಿಗೇ ಬರುತ್ತೇನೆ."

ಸಮ್ಮೇಳನದ ವಿಷಯ ಸಂತಾನಾಂಗಗಳ ಮುಪ್ಪು. ಅದು ಅವಳ ಕೈಗೆ ಪುಸ್ತಕದಿಂದ ಬಂದದ್ದಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗಲೇ, ಮೂವತ್ತೊಂಬತ್ತಕ್ಕೆ ಅವಳ ಮುಟ್ಟು ನಿಂತಿತು. ಮಕ್ಕಳಿನ್ನೂ ಆಗಿರಲಿಲ್ಲ. ಅತ್ತೆ ಕಾಫಿಯನ್ನು ದೂರಿದರು, ಒಬ್ಬ ಡಾಕ್ಟರು ಓದನ್ನು ದೂರಿದರು. ಹೆಣ್ಣಿನ ಅಂಡಾಶಯ ಬೇಗ ಬರಿದಾಗುವುದು ಎಷ್ಟೋ ಸಲ ತಾಯಿಯಿಂದ ಮಗಳಿಗೆ ಬರುತ್ತದೆ ಎಂಬುದನ್ನು ಆಮೇಲೆ ಅವಳೇ ಓದಿ ತಿಳಿದಳು. ತಾಯಿ ಹೊನ್ನಮ್ಮನನ್ನು ಕೇಳಿದರೆ, "ಅದೆಲ್ಲ ಮಾತಾಡುವಂಥದ್ದಾ?" ಎಂದು ಎದ್ದು ಹೋದಳು. ನೀಲಾವತಿ ಅಳಲಿಲ್ಲ, ಪಿಎಚ್‌.ಡಿ. ಮಾಡಿದಳು. ಇದನ್ನು ಡಾಕ್ಟರುಗಳು ಡಾಕ್ಟರುಗಳಿಗೇ ಹೇಳಿಕೊಂಡರೆ ಏನೂ ಆಗದು, ಊರಿನ ಹೆಂಗಸರ ಮುಂದೆ ಹೇಳಬೇಕೆಂಬುದು ಅಂದಿನಿಂದಲೂ ಅವಳ ಹಟ. ಬರುವ ಮಾರ್ಚಿಗೆ ನಿವೃತ್ತಿ. ಈ ಸಲ ಸಮ್ಮೇಳನ ಮೈಸೂರಿಗೆ ಹೋದರೆ ಮತ್ತೆ ಕೊಡಗಿಗೆ ಬರುವುದಿಲ್ಲ.

ಹುತ್ತರಿ ದಿನ ಹೆಂಗಸರು ಸಿಗುವುದು ಎಲ್ಲಿ? ಮದುವೆಯಾಗಿ ಹೋದ ಹೆಣ್ಣುಮಕ್ಕಳೂ, ಸೊಸೆಯರೂ, ಅಜ್ಜಿಯರೂ ಒಂದೇ ಸೂರಿನಡಿ ಸೇರುವುದು ಐನ್‌ಮನೆಯಲ್ಲಿ, ಕುಟುಂಬದ ಮೂಲಮನೆಯಲ್ಲಿ. ಇಷ್ಟು ಹೊಳೆದ ಮೇಲೆ ನೀಲಾವತಿ ತಡಮಾಡಲಿಲ್ಲ. ಬಸ್ಸು ಹತ್ತಿ ಸಂಪಾಜೆಗಿಳಿದು ತವರಿಗೆ ಹೋದಳು.

ಐನ್‌ಮನೆಯ ಯಜಮಾನ ಅವಳಣ್ಣ ಕೂಸಪ್ಪ.

"ಹುತ್ತರಿ ದಿನ ಮೀಟಿಂಗಾ? ನಿಂಗೆ ತಲೆ ಸರಿ ಉಟ್ಟಾ?"

"ಉಟ್ಟು, ಸರಿಯಾಗೇ ಇದೆ. ಮೂರು ಗಂಟೆಗೆ ಮುಗಿಸ್ತೇನೆ. ಕದಿರು ತೆಗೆಯುವುದು ರಾತ್ರಿಗಲ್ವಾ?"

"ಎಂಥ ವಿಷಯ?"

ಅವಳು ಹೇಳಿದಳು. ಕೂಸಪ್ಪ ಅಂಗಳದ ಮೂಲೆಯ ನಾಯಿಯನ್ನು ಸುಮ್ಮನೆ ಗದರಿದ.

"ದೇವರ ದೀಪ ಇರುವ ಮನೇಲಿ ಮುಟ್ಟಿನ ಮಾತು ಬೇಡ."

"ಈ ಮನೇಲಿ ಹುಟ್ಟಿದವರೆಲ್ಲ ಎಲ್ಲಿಂದ ಬಂದರು ಅಣ್ಣ? ಅಟ್ಟದಿಂದ ಇಳಿದರಾ?"

ಒಳಗೆ ನಕ್ಕದ್ದು ಅವನ ಸೊಸೆ ಅನುಶ್ರೀ. ಕೂಸಪ್ಪನಿಗೆ ನಗು ತಡೆಯಲಾಗಲಿಲ್ಲ, ಒಪ್ಪದಿರಲೂ ಆಗಲಿಲ್ಲ. ದೀಪದ ಕೋಣೆ ಬಿಟ್ಟು ಅಂಗಳದಲ್ಲಿ ಮಾಡಿಕೋ ಎಂದ. ಊಟ ಮನೆಯದೇ. "ಬಂದವರಿಗೆ ಅನ್ನ ಇಲ್ಲ ಹೇಳುವ ಮನೆ ಅಲ್ಲ ಇದ್."

ಹಬ್ಬದ ದಿನ ಬೆಳಗ್ಗೆ ಘಾಟಿ ಇಳಿದು ಮೂರು ವ್ಯಾನುಗಳು ಬಂದವು. ಅಂಗಳದಲ್ಲಿ ಕಾಫಿ ಒಣಗಿಸುವ ಕಣಕ್ಕೆ ಕುರ್ಚಿ ಹಾಕಿಸಿ, ಬಿಳಿ ಪಂಚೆಯೊಂದನ್ನು ಗೋಡೆಗೆ ಬಿಗಿಸಿ ಪರದೆ ಮಾಡಲಾಗಿತ್ತು. ನಾಗಾರ್ಜುನ ಟೈ ಕಟ್ಟಿಕೊಂಡು ಇಳಿದು ಸುತ್ತ ನೋಡಿದರು. ನೀಲಾವತಿಯ ಷರತ್ತು ಒಂದೇ: ಇಂಗ್ಲಿಷಿನಲ್ಲಿ ಓದಿದ್ದನ್ನು ಅಲ್ಲೇ ಕನ್ನಡದಲ್ಲಿ ಹೇಳಬೇಕು, ಬಾರದವರ ಪರವಾಗಿ ಅವಳು ಹೇಳುತ್ತಾಳೆ.

ಹೆಂಗಸರು ಜಗಲಿಯಲ್ಲಿ ಕುಳಿತು ಕದಿರಿಗೆ ಸುತ್ತುವ ಎಲೆಗಳನ್ನು ಜೋಡಿಸುತ್ತಿದ್ದರು. ಮೊದಲ ಭಾಷಣ ಅವರ ತಲೆ ಎತ್ತಿಸಲಿಲ್ಲ. ಎರಡನೆಯದರಲ್ಲಿ, ಹೆಣ್ಣುಮಗು ಹುಟ್ಟುವಾಗಲೇ ಅದರ ಜೀವಮಾನದ ಅಂಡಗಳೆಲ್ಲ ಒಳಗಿರುತ್ತವೆ, ಮುಂದೆ ಕರಗುವುದೇ ಹೊರತು ಕೂಡುವುದಿಲ್ಲ ಎಂದು ನೀಲಾವತಿ ಹೇಳಿದಾಗ ಕೈಗಳು ನಿಂತವು. ನಲವತ್ತರೊಳಗೆ ಮುಟ್ಟು ನಿಂತರೆ ಅದು ಶಾಪವಲ್ಲ, ಎಲುಬು ಸವೆಯುತ್ತದೆ, ಹೃದಯಕ್ಕೂ ಪೆಟ್ಟು, ಔಷಧಿ ಇದೆ ಎಂದಳು. ತಾಯಿಗೆ ಯಾವಾಗ ನಿಂತಿತೆಂದು ಮಗಳಿಗೆ ಗೊತ್ತಿರಬೇಕು, ಮಕ್ಕಳನ್ನು ಮುಂದಕ್ಕೆ ಹಾಕುವ ಮೊದಲು ಗೊತ್ತಿರಬೇಕು ಎಂದಳು. ನಂತರ ಕೇಳಿದಳು, "ಇಲ್ಲಿ ಯಾರಿಗೆ ಗೊತ್ತು?"

ಹೆಂಗಸರು ಮತ್ತೆ ಎಲೆಗಳಿಗೆ ಕೈ ಹಾಕಿದರು. ನಾಗಾರ್ಜುನ ಕೈಗಡಿಯಾರ ನೋಡಿಕೊಂಡರು.

ಆಗ ಕಂಬಕ್ಕೊರಗಿದ್ದ ಹೊನ್ನಮ್ಮ, ಎಂಬತ್ತು ದಾಟಿದವಳು, ಎಲೆಯಿಂದ ಕಣ್ಣೆತ್ತದೆ ಹೇಳಿದಳು.

"ನಂಗೆ ಮೂವತ್ತೆಂಟಕ್ಕೇ ನಿಂತೋತ್. ನನ್ನ ಅವ್ವಂಗೂ ಹಂಗೆನೆ."

"ನಾನು ಕೇಳಿದಾಗ ಹೇಳಿತ್ಲೆ ನೀನು," ಎಂದಳು ನೀಲಾವತಿ.

"ಒಬ್ಬಳೇ ಬಂದು ಕಳ್ಳಿ ಹಂಗೆ ಕೇಳಿದರೆ ಯಾರು ಹೇಳ್ತಾರೆ? ಹೀಗೆ ಹತ್ತು ಜನರ ಮುಂದೆ ಕೇಳು."

ಜಗಲಿ ಗೊಳ್ಳೆಂದಿತು. ಅಷ್ಟರಲ್ಲಿ ಕುಟ್ಟದಿಂದ ತವರಿಗೆ ಬಂದಿದ್ದ ಒಬ್ಬಳು ತನಗೂ ಬೇಗ ನಿಂತಿತೆಂದಳು. ಇನ್ನೊಬ್ಬಳು, ಮಗಳಿಗೆ ಇಪ್ಪತ್ತೆಂಟು, ಈಗಲೇ ಪರೀಕ್ಷೆ ಮಾಡಿಸಬಹುದಾ ಎಂದು ಕೇಳಿದಳು. ಅನುಶ್ರೀ ಎಲೆಗಳನ್ನು ಬದಿಗಿಟ್ಟು ನೇರ ನಾಗಾರ್ಜುನರ ಮುಂದೆಯೇ ಬಂದು ನಿಂತಳು. ಒಬ್ಬರು ಮುಗಿಸುವ ಮೊದಲು ಮತ್ತೊಬ್ಬರು ಶುರು. ಇಷ್ಟು ಪ್ರಶ್ನೆಗಳನ್ನು ಯಾವ ಸಮ್ಮೇಳನದಲ್ಲೂ ಕಾಣದ ನಾಗಾರ್ಜುನ, ಟೈ ಸಡಿಲಿಸಿ, ತಮ್ಮ ಪ್ರಬಂಧ ಮಡಚಿ ಜೇಬಿಗಿಟ್ಟು, ಜಗಲಿಯ ಮೆಟ್ಟಿಲ ಮೇಲೆ ಕುಳಿತು ಉತ್ತರಿಸತೊಡಗಿದರು. ಉಳಿದ ವಿಜ್ಞಾನಿಗಳೂ ಕುರ್ಚಿ ಎತ್ತಿಕೊಂಡು ಹತ್ತಿರ ಬಂದರು.

ಊಟದ ಹೊತ್ತು ಮೀರಿದ ಮೇಲೆ ನಾಗಾರ್ಜುನ ಸೋಲೊಪ್ಪುವ ದನಿಯಲ್ಲಿ ಕೇಳಿದರು, "ಮುಂದಿನ ವರ್ಷ ಮೈಸೂರಿನಲ್ಲಿ ಮಾಡಿದರೆ ನೀವೆಲ್ಲ ಬರುತ್ತೀರಾ?"

"ನಾವ್ಯಾಕೆ ಸಾರ್?" ಎಂದಳು ಅನುಶ್ರೀ. "ನಿಮಗೆ ಈಗ ದಾರಿ ಗೊತ್ತಾಯ್ತಲ್ಲ."

ನಾಗಾರ್ಜುನ ಎದ್ದು ನಿಂತು, ಮುಂದಿನ ಸಮ್ಮೇಳನವೂ ಕೊಡಗಿನಲ್ಲೇ ಎಂದು ಘೋಷಿಸಿದರು. ಚಪ್ಪಾಳೆ ನಿಲ್ಲುವವರೆಗೆ ನೀಲಾವತಿ ಕಾಯಲಿಲ್ಲ. ಮೈಕು ಕಿತ್ತುಕೊಂಡು, ಎಲ್ಲರೂ ಊಟಕ್ಕೇಳಬೇಕೆಂದೂ, ಕಣ ಗುಡಿಸಬೇಕಾದ್ದರಿಂದ ವಿಜ್ಞಾನಿಗಳು ತಮ್ಮ ತಮ್ಮ ಕುರ್ಚಿಯನ್ನು ತಾವೇ ಮಡಚಿಡಬೇಕೆಂದೂ ಆಜ್ಞೆ ಮಾಡಿದಳು. ಮಡಚಿಟ್ಟರು.