ಹಸುವಿಗೆ ಹಾಕಿದ ಸೊಪ್ಪು

ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದದ್ದು ಮೊದಲ ಮಹಡಿಯಲ್ಲಿ. ಬೆಳಿಗ್ಗೆ ಸೊಪ್ಪಿನ ಆಂಟಿಯ ಕೂಗು ಕೇಳಿದರೆ ಅಮ್ಮ ಹಗ್ಗ ಕಟ್ಟಿದ ಬುಟ್ಟಿಯನ್ನು ಬಾಲ್ಕನಿಯಿಂದ ಇಳಿಬಿಡುತ್ತಿದ್ದಳು. ಯಾವ ಸೊಪ್ಪು ಬೇಕೆಂದು ಹೇಳುತ್ತಲೂ ಇರಲಿಲ್ಲ. ಅಂದು ಎಳೆಯದಾಗಿದ್ದುದನ್ನು ಆಂಟಿಯೇ ಆರಿಸಿ ಹಾಕುತ್ತಿದ್ದರು. ಮೂಡಲಪಾಳ್ಯದಿಂದ ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದರು, ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟು. ನಮ್ಮ ಕ್ರಾಸಿನ ವ್ಯಾಪಾರವೇ ಅವರ ಮನೆ ನಡೆಸುತ್ತಿತ್ತು.

ಆ ಅಂಗಿಯೇ ಮುಳುವಾಯಿತು. ಕ್ರಾಸಿನ ವಾಟ್ಸ್ಯಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು: ಸೀರೆಯ ಮೇಲೆ ಅಂಗಿ ತೊಟ್ಟ ಹೆಂಗಸೊಬ್ಬಳು ಮೋರಿ ನೀರಿನಲ್ಲಿ ಸೊಪ್ಪಿನ ಕಟ್ಟು ಅದ್ದುತ್ತಿದ್ದಾಳೆ. ಮುಖ ಕಾಣುವುದಿಲ್ಲ. ಕೆಳಗೆ ಯಾರೋ ‘ನಮ್ಮ ಏರಿಯಾದಲ್ಲೇ, ಹುಷಾರು’ ಎಂದು ಬರೆದಿದ್ದರು. ಸಂಜೆ ಒಂದು ಟೀವಿ ಚಾನೆಲ್ಲು ಅದನ್ನೇ ಮತ್ತೆ ಮತ್ತೆ ತೋರಿಸಿ, ‘ನೀವು ತಿನ್ನುತ್ತಿರುವುದು ವಿಷವೇ?’ ಎಂದು ಕೇಳಿತು. ಪ್ರಶ್ನೆಯಾಗಿ ಕೇಳಿಬಿಟ್ಟರೆ ಸಾಕು, ಏನನ್ನೂ ಸಾಬೀತು ಮಾಡಬೇಕಿಲ್ಲ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಪುರಾವೆಯಿಲ್ಲದ ಮಾತು ಕೇಳಿದರೆ ಮೈ ಉರಿಯುತ್ತದೆ. ಹುಡುಕಿದೆ. ವಿಡಿಯೋ ಹಳೆಯದು, ಬೇರೆ ರಾಜ್ಯದ್ದು. ಹಿಂದಿನ ಅಂಗಡಿಯ ಬೋರ್ಡಿನಲ್ಲಿ ಒಂದಕ್ಷರ ಕನ್ನಡವಿಲ್ಲ. ಗ್ರೂಪಿಗೆ ಹಾಕಿದೆ. ಒಬ್ಬರು ಕೈಮುಗಿಯುವ ಎಮೋಜಿ ಒತ್ತಿದರು, ಅಷ್ಟೇ. ಕೆಲವು ದಿನ ಕಳೆದು ಒಂದು ಪತ್ರಿಕೆಯೂ ಅದು ಸುಳ್ಳೆಂದು ಬರೆಯಿತು. ಪತ್ರಿಕೆ ಹಿಡಿದು ಕೆಳಗಿಳಿದೆ, ಓನರ್ ಅಂಕಲ್ ಹತ್ತಿರ.

“ಪೇಪರ್‌ನೋರಿಗೆ ಯಾರೋ ದುಡ್ಡು ಕೊಟ್ಟು ಹಾಕ್ಸಿರ್ತಾರೆ ಬಿಡಪ್ಪ.”

“ಯಾರು ಅಂಕಲ್? ಸೊಪ್ಪು ಮಾರೋರಾ?”

“ಅವರ ಹಿಂದೆ ಯಾರ್ಯಾರಿದಾರೋ!”

“ಪೇಪರ್ ಸುಳ್ಳು, ಟೀವಿ ಸುಳ್ಳು ಅಂತ ನೀವೇ ಅಂತೀರ. ಹಾಗಾದ್ರೆ ಈ ವಿಡಿಯೋ ಮಾತ್ರ ಹೇಗೆ ನಿಜ?”

“ಟೀವಿನ ಯಾವನು ನಂಬ್ತಾನೆ? ಇದು ಗ್ರೂಪಲ್ಲಿ ನಮ್ಮೋರೇ ಹಾಕಿದ್ದು ಕಣೋ. ಲಾಯರ್ ಥರ ಆಡ್ಬೇಡ, ಹೋಗು.”

ಅವರು ಏನನ್ನೂ ನಂಬದವರೆಂದು ತಿಳಿದಿದ್ದೆ. ನಂಬಿಕೆ ಬೇಕಾದಷ್ಟಿತ್ತು, ಕಳಿಸಿದವರ ಮೇಲೆ. ನೀರು ಬರದ ದಿನ ಟ್ಯಾಂಕರಿಗೆ ಫೋನ್ ಮಾಡಿಕೊಡುವ, ಮಗಳ ಮದುವೆಯಲ್ಲಿ ಬಡಿಸಲು ನಿಂತ ಪಕ್ಕದ ಮನೆಯವರನ್ನು ಸುಳ್ಳರೆನ್ನುವುದಕ್ಕಿಂತ ಸೊಪ್ಪು ಬಿಡುವುದು ಸುಲಭ.

ಒಂದೊಂದೇ ಬುಟ್ಟಿ ಇಳಿಯುವುದು ನಿಂತಿತು. ಆಂಟಿ ತುಂಬಿದ ಗಾಡಿಯನ್ನೇ ವಾಪಸು ತಳ್ಳಿಕೊಂಡು ಹೋಗುತ್ತಿದ್ದರು. ನಮ್ಮ ಬುಟ್ಟಿಯೂ ಬಾಲ್ಕನಿಯ ಮೂಲೆಯಲ್ಲಿ ಕೂತಾಗ ನಾನು ಅಮ್ಮನ ಜೊತೆ ಜಗಳಕ್ಕೆ ನಿಂತೆ. “ನೀನು ಹೇಳಿದ್ದೆಲ್ಲ ಸರಿ ಕಣೋ, ತಗೋತೀನಿ ಬಿಡು” ಎಂದಳು. ಮರುದಿನ ಬುಟ್ಟಿ ಇಳಿಯಿತು. ಒಬ್ಬರನ್ನಾದರೂ ಗೆದ್ದೆ ಎಂದುಕೊಂಡೆ.

ಆದರೆ ತಟ್ಟೆಗೆ ಸೊಪ್ಪು ಬರಲೇ ಇಲ್ಲ. ದಿನಾ ಬರೀ ಬೇಳೆ ಸಾರು. ಕೇಳಿದೆ.

“ತಟ್ಟೆ ಮುಂದೆ ಕೂತ್ರೆ ಆ ಮೋರಿನೇ ಕಣ್ಮುಂದೆ ಬರತ್ತೆ. ಹಸುಗೆ ಹಾಕ್ತೀನಿ. ಪುಣ್ಯಾನೂ ಬರತ್ತೆ, ಅವಳಿಗೆ ವ್ಯಾಪಾರಾನೂ ಆಗತ್ತೆ.”

“ವಿಷ ಆದ್ರೆ ಹಸು ಸಾಯಲ್ವಾ?”

“ಥೂ, ಬಿಡ್ತು ಅನ್ನು! ಅದಕ್ಕೇನೂ ಆಗಲ್ಲ.”

ಅಮ್ಮನಿಗೆ ನನ್ನ ಮಾತಿನಲ್ಲಿ ಅನುಮಾನವಿರಲಿಲ್ಲ. ಅನ್ನ ಕಲಸುವ ಕೈಗೆ ಮಾತ್ರ ಅದು ತಲುಪಿರಲಿಲ್ಲ. ಇದಕ್ಕೆ ಮರುವಾದ ನನಗೆ ಯಾರೂ ಕಲಿಸಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಕ್ರಾಸಿನ ಮೂಲೆಯಲ್ಲಿ ನಿಲ್ಲುವ ಹಸುವಿನ ಬಾಯಿಗೆ ದಂಟಿನ ಕಟ್ಟು ಇಡುತ್ತಿದ್ದಾಗ ಪಕ್ಕದ ರಸ್ತೆಯಿಂದ ಗಾಡಿ ತಿರುಗಿತು. ಕಟ್ಟಿದ್ದ ಬಾಳೆನಾರು ಕೂಡ ಬಿಚ್ಚಿರಲಿಲ್ಲ. ಆಂಟಿ ನೋಡಿದರು, ಗಾಡಿ ತಳ್ಳಿಕೊಂಡು ಹೋದರು.

ಮರುದಿನವೂ ಕೂಗು ಕೇಳಿತು. ಅಮ್ಮ ಬುಟ್ಟಿ ಇಳಿಬಿಟ್ಟಳು. ಆಂಟಿ ತಲೆಯೆತ್ತಿದರು. “ಬ್ಯಾಡ ಬುಡಮ್ಮ. ಹಸುಗಾದ್ರೆ ನಾನೇ ಹಾಕ್ತೀನಿ.”

ಹಾಕಿದರು ಕೂಡ. ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಎಳೆಯದೊಂದು ಕಟ್ಟು ಆರಿಸಿ, ನಾರು ಬಿಚ್ಚಿ ಹಸುವಿನ ಮುಂದಿಟ್ಟು ಹೋದರು. ಮತ್ತೆ ನಮ್ಮ ಕ್ರಾಸಿಗೆ ಬರಲಿಲ್ಲ.

ಅಮ್ಮ ಖಾಲಿ ಬುಟ್ಟಿಯನ್ನು ಮೇಲಕ್ಕೆಳೆದುಕೊಂಡು ಹಗ್ಗ ಸುತ್ತಿಟ್ಟಳು. ನನ್ನ ಕಡೆ ನೋಡಲಿಲ್ಲ.