ಕೊಂಬಿನ ಹಿಡಿಗಾಗಿ ಪಡೀಲಿಗೆ

ಬೆಳಿಗ್ಗೆ ಆರಕ್ಕೆ ಹಾಸನ ಬಿಟ್ಟ ಮಂಗಳೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಮಡಿಲಲ್ಲಿದ್ದ ಚೀಲದೊಳಗೆ, ಹಳೆಯ ಟವೆಲಿನಲ್ಲಿ ಸುತ್ತಿದ ಅಮ್ಮನ ಚೂರಿ ಇತ್ತು.

ಕೋಣದ ಕೊಂಬಿನ ಹಿಡಿಯ ಆ ಚೂರಿಯಲ್ಲೇ ಅಮ್ಮ ನಮ್ಮ ಖಾನಾವಳಿಯ ತರಕಾರಿ ಹೆಚ್ಚುತ್ತಿದ್ದಳು. ಅವಳು ಹೋದ ಮೇಲೆ ನಾನು. ಸ್ಕೂಟರಿನಿಂದ ಬಿದ್ದಾಗಿನಿಂದ ನನ್ನ ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಸಣ್ಣ ಹಿಡಿ ಜಾರಿ ಎರಡು ಸಲ ಕೈ ಕೊಯ್ದುಕೊಂಡೆ. ಖಾನಾವಳಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಬೆರಳಿಗೆ ವ್ಯಾಯಾಮ ಮಾಡಿಸುವ ನರ್ಸ್ ಮಂಗಳೂರಿನವಳು. ಚೂರಿಗೆ ಕೊಂಬಿನ ಹಿಡಿ ಹಾಕುವ ತನ್ನ ಚಿಕ್ಕಮ್ಮನ ವಿಳಾಸವನ್ನು ಅವಳೇ ಬರೆದುಕೊಟ್ಟಿದ್ದಳು.

ಶಿರಾಡಿ ಘಾಟಿ ಇಳಿದು ನೆಲ್ಯಾಡಿಯಲ್ಲಿ ಬನ್ಸ್ ತಿಂದೆ. ಹನ್ನೊಂದರ ಹೊತ್ತಿಗೆ ಮಂಗಳೂರಿನ ಅಂಚಿನ ಪಡೀಲಿನಲ್ಲಿ ಇಳಿದಾಗ ರವಿಕೆ ಬೆನ್ನಿಗೆ ಅಂಟುವಷ್ಟು ಸೆಕೆ. ಆಟೋದವನು ನಲವತ್ತು ರೂಪಾಯಿಗೆ ಮನೆಯ ಗೇಟಿನವರೆಗೆ ಬಿಟ್ಟ.

ನರ್ಸಿನ ಚಿಕ್ಕಮ್ಮ ಸೆಲಿನ್ ಬಾಯಿ ಅರವತ್ತು ದಾಟಿದವರು. ಹಿತ್ತಿಲ ಶೀಟಿನ ಮಾಡಿನ ಕೆಳಗೆ ಅರಗಳನ್ನು ಹರಡಿಕೊಂಡು ಕೂತಿದ್ದರು. ಮೀನು ಕೊಯ್ಯುವವರ ಚೂರಿಗಳಿಗೆ ಹಿಡಿ ಹಾಕುತ್ತಿದ್ದ ಅಪ್ಪನಿಂದ ಕಲಿತ ಕೆಲಸವಂತೆ.

"ಎಂತ ಆದದ್ದು ಕೈಗೆ?" ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಒಳಗಿನಿಂದ ಚಪಾತಿ ಹಿಟ್ಟಿನ ಉಂಡೆ ತಂದು, "ಚೂರಿ ಹಿಡಿದ ಹಾಗೆ ಗಟ್ಟಿ ಹಿಡಿಯಿರಿ" ಎಂದರು. ಹಿಟ್ಟಿನಲ್ಲಿ ನನ್ನ ಕೈಯ ಅಚ್ಚು ಮೂಡಿತು.

"ಹಳೇ ಹಿಡಿ ತೆಗೀಬೇಕು. ತೆಗೆಯುವಾಗ ಒಡೆದು ಹೋಗ್ತದೆ. ಆಗಬಹುದಾ?"

ಅಮ್ಮನ ಹೆಬ್ಬೆರಳು ಸವೆಸಿದ್ದ ತಗ್ಗನ್ನು ಮತ್ತೆ ಮತ್ತೆ ಸವರಿದೆ. ಅವರು ಅವಸರ ಮಾಡಲಿಲ್ಲ. ಕೊನೆಗೆ "ಆಗಬಹುದು" ಎಂದೆ. ಎರಡೇ ಏಟಿಗೆ ಹಿಡಿ ಸೀಳಿತು. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡಿ ಮಾರಾಯ್ರೆ, ನೀರು ಕುಡೀರಿ," ಎಂದು ತಂಬಿಗೆ ಮುಂದಿಟ್ಟರು. ಮೂಲೆಯ ಗೋಣಿಚೀಲದಿಂದ ಕಪ್ಪು ಕೊಂಬಿನ ತುಂಡೊಂದನ್ನು ಆರಿಸಿದರು. "ಜಿಂಕೆ ಕೊಂಬಿನದ್ದು ಮಾಡಿಕೊಡಿ ಅಂತ ಕೆಲವರು ಬರ್ತಾರೆ. ಅದು ಕಾನೂನಿಗೆ ವಿರುದ್ಧ ಅಂತ ಬೈದು ಕಳಿಸ್ತೇನೆ. ಕೋಣದ್ದು ಎಷ್ಟು ಬೇಕಾದ್ರೂ ಉಂಟು."

ಹಿಟ್ಟಿನ ಅಚ್ಚನ್ನು ಪಕ್ಕದಲ್ಲಿಟ್ಟು ಎರಡು ಗಂಟೆ ಅರದಿಂದ ಉಜ್ಜಿದರು. ಹಿಡಿಯೊಳಗೆ ಕೂರುವ ಅಲಗಿನ ಬಾಲವನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಕೊಂಬಿನ ತೂತಿಗೆ ಒತ್ತಿದಾಗ ಕೂದಲು ಸುಟ್ಟ ವಾಸನೆ ಹಿತ್ತಿಲ ತುಂಬ ಹರಡಿತು.

ಹಿಡಿ ತಣಿದ ಮೇಲೆ ಒಂದು ಈರುಳ್ಳಿ ಕೊಟ್ಟರು. ಚೂರಿ ಜಾರಿತು. ಅವರು ಚೂರಿ ತೆಗೆದುಕೊಂಡು, ಮಡಚದ ಬೆರಳುಗಳು ಒರಗುವ ಕಡೆ ಇನ್ನಷ್ಟು ತಗ್ಗು ಮಾಡಿಕೊಟ್ಟರು. ಈ ಸಲ ಆ ಎರಡು ಬೆರಳು ತಗ್ಗಿನಲ್ಲಿ ನೆಟ್ಟಗೆ ಮಲಗಿದವು, ಉಳಿದವು ಬಿಗಿಯಾಗಿ ಹಿಡಿದವು. ಈರುಳ್ಳಿ ಸರಸರನೆ ಎಸಳಾಯಿತು. ಇನ್ನೊಂದು ತೆಗೆದುಕೊಂಡೆ, ಮತ್ತೊಂದು.

"ಸಾಕು, ಸಾಕು! ನಾವು ಮನೆಯಲ್ಲಿ ಇಬ್ಬರೇ ಇರುವುದು!" ಎಂದು ನಗುತ್ತಾ ಬುಟ್ಟಿಯನ್ನೇ ಎತ್ತಿಕೊಂಡರು. ಆ ಈರುಳ್ಳಿ ಬಿದ್ದ ಬಂಗುಡೆ ಸಾರಿನಲ್ಲಿ ಕುಚ್ಚಲಕ್ಕಿ ಅನ್ನ ಉಣ್ಣಿಸಿಯೇ ನನ್ನನ್ನು ಕಳಿಸಿದ್ದು.

ಸಂಜೆಯ ಬಸ್ಸು ಬಿ.ಸಿ.ರೋಡ್ ದಾಟುವಾಗ ಮಗಳಿಗೆ ಫೋನ್ ಮಾಡಿದೆ. "ಸೋಮವಾರದಿಂದ ಊಟ ಇದೆ ಅಂತ ಬೋರ್ಡ್ ಬರೆದುಹಾಕು."

ಅವಳು ಕೇಳಿದಳು, "ಹುಳಿಗೆ ಏನು ತರಲಿ?"

"ಸಿಹಿಗುಂಬಳ. ಇಡೀ ಕಾಯಿ ತಾ, ಅಂಗಡಿಯಲ್ಲಿ ಹೋಳು ಮಾಡಿಸಬೇಡ."