ಬೆಣ್ಣೆ ಬಾರದ ಹಾಲು

ಡಾಹ್ರಾ ಪೇಟೆಯಲ್ಲಿ ದನಗಾಹಿ ಫುಲಾನಿ ಕುಲದ ಹುರೈಳ ಹಾಲನ್ನು ಯಾರೂ ರುಚಿ ನೋಡಿ ಕೊಳ್ಳುತ್ತಿರಲಿಲ್ಲ. ನೇರವಾಗಿ ಪಾತ್ರೆ ಒಡ್ಡುತ್ತಿದ್ದರು. ಹನ್ನೆರಡನೆಯ ವಯಸ್ಸಿನಿಂದ ಅರವತ್ತರವರೆಗೂ, ಮುಂಜಾನೆಯ ನಮಾಜು ಮುಗಿದ ಕೂಡಲೇ ಸೋರೆಬುರುಡೆಯನ್ನು ತಲೆಯ ಮೇಲಿಟ್ಟು ಹೊರಟವಳು ಅವಳು. ಹುಲ್ಲಿನ ಮುಚ್ಚಳ ತೆಗೆಯುವಾಗಲೆಲ್ಲ ತಪ್ಪದೆ ‘ಬಿಸ್ಮಿಲ್ಲಾ’ ಅನ್ನುತ್ತಿದ್ದಳು. ಹಾಲಿಗೆ ನೀರು ಬೆರೆಸಿದ ಕೈಗೆ ದೇವರು ಮತ್ತೆ ಕೆಚ್ಚಲು ಕೊಡುವುದಿಲ್ಲ ಎಂದು ತಾಯಿ ಹೇಳಿದ್ದಳು. ಆ ಮಾತನ್ನು ಅವಳು ಒಂದು ದಿನವೂ ಮೀರಲಿಲ್ಲ.

ಆ ವರ್ಷ ಮಳೆಗಾಲದ ಕೊನೆಗೆ ಮಗಳು ರಮಟ ಹೆತ್ತು, ಏಳನೆಯ ದಿನ ಕಣ್ಣುಮುಚ್ಚಿದಳು. ಹೆಣ್ಣು ಕೂಸು. ಸಲಮತ ಎಂದು ಹೆಸರಿಟ್ಟರು. ಬಾಣಂತಿಯಾಗಿದ್ದ ಸೊಸೆ ತನ್ನ ಮಗುವಿನ ಜೊತೆಗೆ ಅದಕ್ಕೂ ಎದೆ ಕೊಟ್ಟಳು. ಹುಲ್ಲು ಒಣಗಿ, ದನ ಹೊಡೆದುಕೊಂಡು ದಕ್ಷಿಣಕ್ಕೆ ಹೊರಡುವ ದಿನ ಬಂದಾಗ ಸೊಸೆ ಕೇಳಿದಳು: “ಕೂಸನ್ನೂ ಕರ್ಕೊಂಡು ಹೋಗ್ಲಾ ಅತ್ತೆ?”

“ತಿಂಗಳುಗಟ್ಟಲೆ ಧೂಳಲ್ಲಿ ನಡೆಸ್ತೀಯಾ ಈ ಪಿಳ್ಳೇನ? ನನಗೊಂದು ಕರೆಯೋ ಹಸು ಬಿಟ್ಟುಹೋಗಿ, ಸಾಕು. ನನ್ನ ಮನೇಲಿ ಹಾಲಿಗೇನು ಕಮ್ಮಿ?”

ಸೊಸೆ ಕರೆಯುವ ಹಸುವೊಂದನ್ನು ಗುಡಿಸಲ ಮುಂದೆ ಕಟ್ಟಿದಳು. ಮಗಳ ಮುಖವನ್ನೇ ಹೊತ್ತು ಬಂದಿದ್ದ ಕೂಸನ್ನು ಬಿಟ್ಟುಕೊಡಲು ಅತ್ತೆಗೆ ಮನಸ್ಸಿಲ್ಲವೆಂದು ಅವಳಿಗೂ ಗೊತ್ತಿತ್ತು.

ಎರಡು ತಿಂಗಳಿಗೆ ಆ ಹಸು ಬತ್ತಿತು. ಹುರೈ ಅಲ್ಫಾನ ಅಂಗಡಿಗೆ ಹೋದಳು. ಅಲ್ಲಿ ಪುಡಿಯ ಪೊಟ್ಟಣಗಳು ಸರಕ್ಕೆ ಸರ ತೂಗಾಡುತ್ತಿದ್ದವು. ಒಂದೊಂದರ ಮೇಲೂ ಕೊಂಬಿನ ಕೆಂಪು ಹಸು, ಪಕ್ಕದಲ್ಲಿ ಬುರುಡೆ ಹಿಡಿದು ನಗುವ ಫುಲಾನಿ ಹೆಂಗಸು.

“ಇದು ಹಾಲೇನಪ್ಪಾ?”

“ಚಿತ್ರ ನೋಡಮ್ಮ. ನಿನ್ನ ಹಸೂನೇ ನಿಲ್ಸಿದಾರೆ. ಪಕ್ಕದಲ್ಲಿರೋಳು ನೀನೇ, ವಯಸ್ಸಲ್ಲಿದ್ದಾಗ.”

ಹುರೈಗೂ ನಗು ಬಂತು. ಹಸುವಿನ ಪಕ್ಕ ನಿಂತು, ಬುರುಡೆ ಹಿಡಿದು ಫುಲಾನಿ ಹೆಂಗಸು ಸುಳ್ಳು ಹೇಳಿಯಾಳು ಎಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಖಾಲಿಯಾದ ಮೊದಲ ಪೊಟ್ಟಣವನ್ನು ಗುಡಿಸಲ ಹುಲ್ಲುಗೋಡೆಗೆ ಮುಳ್ಳಿನಿಂದ ಚುಚ್ಚಿಟ್ಟಳು. ಕೂಸು ಮಲಗಿದಲ್ಲಿಂದಲೇ ಕೆಂಪು ಹಸುವನ್ನು ನೋಡುತ್ತಿತ್ತು.

ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಲ್ಲಿ ತೂಕ. ಅಲ್ಲಿಯ ನರ್ಸ್ ದಿಬೋರ್ ಸೆರೇರ್ ಕುಲದವಳು. ಫುಲಾನಿಗಳಿಗೂ ಸೆರೇರರಿಗೂ ಅಜ್ಜಂದಿರ ಕಾಲದಿಂದ ತಮಾಷೆಯ ಬೈದಾಟದ ನಂಟು. ಬೈಯದಿದ್ದರೇ ಮುನಿಸು.

“ಬಂದಳು ನೋಡಿ ನನ್ನ ತೊತ್ತು. ದೂರ ನಿಂತ್ಕೋ ಅಜ್ಜಿ, ದನದ ವಾಸನೆ.”

“ಯಾರೇ ತೊತ್ತು? ನಿಮ್ಮಜ್ಜ ನಮ್ಮಜ್ಜನ ಕರು ಕಾಯ್ತಿದ್ದ. ಅನ್ನದ ಮಡಕೆ ಕಂಡಲ್ಲೇ ಕೂತುಬಿಡೋ ಜನ ನೀವು.”

ದಿಬೋರ್ ನಗುತ್ತಲೇ ತಕ್ಕಡಿ ನೋಡಿ ಹುಬ್ಬು ಗಂಟಿಕ್ಕಿದಳು. “ತೂಕ ಏರಿಲ್ವಲ್ಲ. ಏನು ಕೊಡ್ತಿದೀಯ?”

“ಹಾಲು. ಮತ್ತೇನು ಕೊಡ್ತಾರೆ?”

“ಕೇಳಿದ ನಾನೇ ಪೆದ್ದಿ. ಫುಲಾನಿ ಮನೇಲಿ ಹಾಲಿಗೆ ಬರವೇ?” ಎಂದು ಚೀಟಿಯಲ್ಲಿ ‘ಹಾಲು’ ಎಂದು ಬರೆದಳು. ಯಾವ ಹಾಲು ಎಂದು ಕೇಳಲಿಲ್ಲ. ಫುಲಾನಿ ಹೆಂಗಸನ್ನು ಹಾಗೆ ಯಾರೂ ಕೇಳುವುದಿಲ್ಲ. ಒಂದು ಶೀಷೆ ಔಷಧ ಕೊಟ್ಟು ಕಳಿಸಿದಳು. ಮರುತಿಂಗಳೂ ಅದೇ ಆಯಿತು.

ಕೂಸು ಅಳುವುದನ್ನು ಕಡಿಮೆ ಮಾಡಿತು. ಒಳ್ಳೆಯ ಮಗು ಅಂದರು ನೆರೆಯವರು. ಆಮೇಲೆ ಅದರ ಕೂದಲು ಕೆಂಚಗಾಯಿತು, ಪಾದ ಊದಿತು. ನೆತ್ತಿಗೆ ಬೆಣ್ಣೆ ತಿಕ್ಕಿದರೆ ಸರಿಹೋದೀತೆಂದು ಹುರೈ ನಾಲ್ಕು ಪೊಟ್ಟಣ ಕದಡಿ, ಹೆಪ್ಪು ಹಾಕಿ, ಮರುದಿನ ಬುರುಡೆಯನ್ನು ತೊಡೆಯ ಮೇಲಿಟ್ಟು ಕುಲುಕಲು ಕೂತಳು. ಬೆಣ್ಣೆ ಗಟ್ಟಿಯಾಗುವಾಗ ಬುರುಡೆಯ ಸದ್ದು ಬದಲಾಗುತ್ತದೆ. ಐವತ್ತು ವರ್ಷದಿಂದ ಕಾಯುತ್ತಾ ಬಂದ ಆ ಸದ್ದಿಗಾಗಿ ಅಂದೂ ಕಾದಳು. ಬಿಸಿಲು ನೆತ್ತಿಗೇರಿತು. ತೋಳು ಸೋತಿತು. ಮುಚ್ಚಳ ತೆಗೆದು ಬೆರಳದ್ದಿ ನೋಡಿದರೆ ಬರೀ ಬಿಳಿ ನೀರು.

ಅವಳು ಹೆಚ್ಚು ಯೋಚಿಸಲಿಲ್ಲ. ಗೋಡೆಯ ಪೊಟ್ಟಣ ಕಿತ್ತುಕೊಂಡಳು, ಕೂಸನ್ನು ಬೆನ್ನಿಗೆ ಕಟ್ಟಿದಳು, ಬುರುಡೆ ತಲೆಗೇರಿಸಿ ನಡೆದಳು.

“ಬಂದಳಪ್ಪಾ ನನ್ನ—” ಎಂದ ದಿಬೋರ್ ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

“ಇದರಲ್ಲಿ ಬೆಣ್ಣೆ ಬರ್ತಿಲ್ಲ ಕಣೆ. ಏನು ಬರೆದಿದೆ, ಓದು.”

ದಿಬೋರ್ ಪೊಟ್ಟಣ ತಿರುಗಿಸಿದಳು. ಸಾಸಿವೆಗಿಂತ ಸಣ್ಣ ಅಕ್ಷರ. ಕಿಟಕಿಯ ಬಳಿ ಹೋಗಿ ಓದಿದಳು. “ತಾಳೆ ಎಣ್ಣೆ. ಸಕ್ಕರೆ. ಹಿಟ್ಟು. ಒಡೆದ ಹಾಲಿನ ನೀರಿನ ಪುಡಿ ಸ್ವಲ್ಪ. ಪರಿಮಳ. ಕೂಸುಗಳಿಗೆ ಕೊಡಬಾರದು…”

“ಹಾಲು ಅಂತ?”

“ಎಲ್ಲೂ ಬರೆದೇ ಇಲ್ಲ ಅಜ್ಜಿ. ಹಸುವಿನ ಚಿತ್ರ ಅಷ್ಟೇ.”

ಆಮೇಲೆ ದಿಬೋರ್ ಬೈಯಲಿಲ್ಲ, ನಗಲಿಲ್ಲ. ಕೂಸಿನ ಪಾದ ಒತ್ತಿ ನೋಡಿ, ಗಾಡಿಗೆ ಹೇಳಿಕಳಿಸಿದಳು. ಸೆರೇರ್ ಹೆಣ್ಣು ತನ್ನ ಜೊತೆ ಇಷ್ಟು ಮರ್ಯಾದೆಯಿಂದ ನಡೆದುಕೊಂಡಿದ್ದು ಹುರೈಗೆ ಅದೇ ಮೊದಲು. ಕೂಸು ಉಳಿಯುವುದಿಲ್ಲವೆಂದು ಅವಳಿಗೆ ಆಗಲೇ ತಿಳಿಯಿತು.

ದೊಡ್ಡ ಆಸ್ಪತ್ರೆಯಲ್ಲಿ ಸಲಮತ ಆರು ದಿನ ಇದ್ದಳು. ಏಳನೆಯ ದಿನ ತಾಯಿಯ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು. ಅಲ್ಫಾ ಬಂದು ತಲೆತಗ್ಗಿಸಿ ನಿಂತ. “ನಾನೂ ಓದಿರಲಿಲ್ಲಮ್ಮ. ನನ್ನ ಮಕ್ಕಳೂ ಅದನ್ನೇ ಕುಡೀತಾರೆ.” ಅವನನ್ನು ಅವಳು ಶಪಿಸಲಿಲ್ಲ. “ಇವತ್ತಿಂದ ಕೊಡಬೇಡ” ಅಂದಳು. ಜಪಮಣಿ ಎಣಿಸುವಾಗ ಮಾತ್ರ ಸೊಸೆಯ ಮಾತು ನೆನಪಾಗಿ ಬೆರಳು ನಿಲ್ಲುತ್ತಿತ್ತು: ಕೂಸನ್ನೂ ಕರ್ಕೊಂಡು ಹೋಗ್ಲಾ ಅತ್ತೆ?

ಮೊದಲ ಮಳೆ ಬಿದ್ದು ದನ ಮರಳಿದವು. ಸೊಸೆ ತನ್ನ ಮಗುವನ್ನು ಮರೆಮಾಡಿಕೊಂಡೇ ಗುಡಿಸಲಿಗೆ ಬಂದಳು. ಹುರೈ ಕೈಚಾಚಿ ಅದನ್ನು ಎತ್ತಿಕೊಂಡಳು. ಭಾರವಾಗಿತ್ತು. ತಡೆದುಕೊಳ್ಳಲಾರದೆ ತಿರುಗಿ ಕೊಟ್ಟುಬಿಟ್ಟಳು.

ಮರುವಾರ ಅವಳು ಕಡೆಯಲು ಕೂತಾಗ ಬುರುಡೆಯ ಸದ್ದು ಬದಲಾಯಿತು. ಬೆಣ್ಣೆಯನ್ನು ಎಲೆಯಲ್ಲಿ ಸುತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ದಿಬೋರ್ ಎದ್ದು ನಿಂತು, ಅಪರಿಚಿತ ಹಿರಿಯರಿಗೆ ಮಾಡುವ ಹಾಗೆ ತಲೆಬಾಗಿದಳು.

“ಬನ್ನಿ ಅಜ್ಜಿ, ಕೂತ್ಕೊಳ್ಳಿ.”

ಹುರೈ ಕೂರಲಿಲ್ಲ. ಎಲೆಯನ್ನು ಮೇಜಿನ ಮೇಲಿಟ್ಟಳು.

“ತಗೊಳ್ಳೇ ನನ್ನ ತೊತ್ತೇ. ಅನ್ನಕ್ಕೆ ಹಾಕ್ಕೊಂಡು ತಿನ್ನು.”

ದಿಬೋರ್ ಬಾಯಿ ತೆರೆದಳು. ತಿರುಗಿ ಬೈಯಬೇಕಿತ್ತು. ಅಳು ಬಂದುಬಿಟ್ಟಿತು. ಆ ಬೈಗುಳಕ್ಕಾಗಿ ಹುರೈ ಬಾಗಿಲಲ್ಲೇ ಸ್ವಲ್ಪ ಹೊತ್ತು ಕಾದಳು.